ವಾಲ್ವ್ ಮುಚ್ಚಿದ ಕೈಯ ಪರವಾಗಿ

ಮಾನ್ಯ ಅಪಘಾತ ತನಿಖಾಧಿಕಾರಿಗಳೇ,

ಕೊಳಚೆ ನೀರು ಶುದ್ಧೀಕರಣ ಘಟಕದ ಪಂಪ್ ರೂಮಿನಲ್ಲಿ ನನ್ನ ಅಕ್ಕನ ಎರಡೂ ಕಣ್ಣು ಹೋದವು. ಅದಕ್ಕೆ ಕಾರಣ 'ಪಂಪ್ ಆಪರೇಟರ್ ಅವರ ಅಜಾಗರೂಕತೆ' ಎಂದು ನೀವು ವರದಿ ಬರೆದಿದ್ದೀರಿ. ಆ ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿ ಎಂದು ಕೇಳುವುದಕ್ಕೆ ಈ ಪತ್ರ. ಉಳಿದದ್ದೆಲ್ಲ ವಿವರಣೆ. ಆತುರವಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ತನಿಖೆ ಮಾಡುವಾಗಲೂ ಒಂದು ಉತ್ತರ ಸಿಕ್ಕ ಕೂಡಲೇ ನಿಲ್ಲಿಸಿದವರು ತಾವು, ಹೊಸದೇನಲ್ಲ.

ನಾನು ಬಸ್ ಕಂಡಕ್ಟರ್. ವಯಸ್ಸು ಐವತ್ತು, ಬಾಯಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ ಎಂದು ಅಕ್ಕ ಹೇಳುತ್ತಾಳೆ. ಬರೆದು ಅಭ್ಯಾಸವಿಲ್ಲ. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ತುಂಡು ತುಂಡಾಗಿ ಫೋನಿಗೆ ಹೇಳಿದ್ದೇನೆ. ಅಕ್ಕನ ಮಗಳು ಕೇಳಿಸಿಕೊಂಡು ಬರಹಕ್ಕೆ ಇಳಿಸಿದ್ದಾಳೆ. "ಮಾವ, ಇದು ಪತ್ರಾನಾ, ನಿನ್ನ ಬಸ್ಸಾ? ಸಿಕ್ಕಸಿಕ್ಕಲ್ಲಿ ನಿಲ್ಸಿ ಸಿಕ್ಕಸಿಕ್ಕೋರನ್ನೆಲ್ಲ ಹತ್ತಿಸ್ಕೊಳ್ತೀಯಲ್ಲ" ಎಂದು ಬೈದು, ನನ್ನ ಮಾತಿನಲ್ಲಿ ಅರ್ಧದಷ್ಟನ್ನು ದಾರಿಯಲ್ಲೇ ಇಳಿಸಿಬಿಟ್ಟಿದ್ದಾಳೆ. ಉಳಿದದ್ದರಲ್ಲಿ ಒರಟುತನವಿದ್ದರೆ ಅದು ನನ್ನದು. ಕಾಗುಣಿತ ಅವಳದು.

ಪಂಪಿನ ವಿಷಯ ಮಾತಾಡುವುದಕ್ಕೆ ಕಂಡಕ್ಟರಿಗೇನು ಅಧಿಕಾರ ಎಂದು ತಾವು ಕೇಳಬಹುದು. ಭಾವ ತೀರಿಕೊಂಡ ಮೇಲೆ ನಾನು ಅಕ್ಕನ ಮನೆಯ ಮಹಡಿಗೆ ಬಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಾಲ್ಕನೆಯವರೊಬ್ಬರು ಇರುತ್ತಿದ್ದರು. ಅವರೇ ಪಂಪು. ಇವತ್ತು ಅದಕ್ಕೆ ಕೆಮ್ಮು, ಇವತ್ತು ಅದರ ಬೋಲ್ಟು ಸಡಿಲ, ಇವತ್ತು ಯಾಕೋ ದನಿ ದಪ್ಪಗಿದೆ. ಮಗಳು ಜ್ವರ ಬಂದು ಮಲಗಿದ್ದಾಗ, "ಅಮ್ಮ, ನಾನೂ ಒಂದು ಪಂಪಾಗಿ ಹುಟ್ಟಿದ್ರೆ ನನ್ ಮೈನೂ ಮುಟ್ಟಿ ನೋಡ್ತಿದ್ದೆ, ಅಲ್ವಾ?" ಎಂದು ಕೇಳಿದ್ದಳು. "ಪಂಪು ನಿನ್ನಷ್ಟು ಎದುರು ಮಾತಾಡಲ್ಲ ಕಣೇ" ಎಂದಿದ್ದಳು ಅಕ್ಕ. ಘಟಕದಲ್ಲಿ ಅವಳನ್ನು ಕರೆಯುವುದೇ ಪಂಪಕ್ಕ ಎಂದು.

ಅಲ್ಲಿ ಅವಳ ಕೆಲಸವೇನು ಎಂಬುದನ್ನು ಹೇಳಿಬಿಡುತ್ತೇನೆ. ತಮ್ಮ ವರದಿಯಲ್ಲಿ ಅದಿಲ್ಲ. ಊರಿನ ಕೊಳೆ ನೀರು ಹುಳಿಯಾಗಿ ಬಂದಾಗ ಅದನ್ನು ಸಮಕ್ಕೆ ತರುವುದಕ್ಕೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸುತ್ತಾರೆ. ಕೆಳಗೆ ದೊಡ್ಡ ಟ್ಯಾಂಕು, ಮೇಲೆ ಕಬ್ಬಿಣದ ಅಟ್ಟದ ಮೇಲೆ ಸಣ್ಣ ಟ್ಯಾಂಕು. ಕೆಳಗಿನದ್ದರಿಂದ ಮೇಲಿನದ್ದಕ್ಕೆ ದ್ರಾವಣ ಏರಿಸುವುದು ಡಯಾಫ್ರಮ್ ಪಂಪು. ಡಯಾಫ್ರಮ್ ಎಂದರೆ ಒಳಗೊಂದು ರಬ್ಬರಿನ ಪೊರೆ. ಅದು ಹಿಂದೆ ಸರಿದರೆ ದ್ರಾವಣ ಒಳಗೆ, ಮುಂದೆ ಬಂದರೆ ಹೊರಗೆ. ನಮ್ಮ ಎದೆ ಉಸಿರಾಡಿದ ಹಾಗೆ. ಆ ದ್ರಾವಣ ನೋಡುವುದಕ್ಕೆ ನೀರಿನಂತೆಯೇ ಇರುತ್ತದೆ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಜಾರುವುದು ಯಾಕೆ ಗೊತ್ತೇ? ನಮ್ಮ ಚರ್ಮವೇ ಅಷ್ಟರಲ್ಲಿ ಸೋಪಾಗಿರುತ್ತದೆ. ಇದನ್ನೂ ಊಟದ ಹೊತ್ತಿನಲ್ಲೇ ಹೇಳಿದ್ದಳು, ಮಹಾತಾಯಿ.

ಮೊದಲು ಇದ್ದದ್ದು ಗಾಳಿಯಿಂದ ಓಡುವ ಪಂಪು. ಕಂಪ್ರೆಸರಿನಿಂದ ಗಾಳಿ ಬಂದು ಪೊರೆಯನ್ನು ತಳ್ಳುತ್ತಿತ್ತು. ಗಾಳಿ ಪಂಪಿಗೆ ಒಂದು ಒಳ್ಳೆಯ ಗುಣ. ಅದರ ಮುಂದಿನ ವಾಲ್ವ್ ಮುಚ್ಚಿಬಿಟ್ಟರೆ, ಅಂದರೆ ದ್ರಾವಣ ಹೊರಗೆ ಹೋಗುವ ದಾರಿ ಕಟ್ಟಿಬಿಟ್ಟರೆ, ಅದು ಜಗಳಕ್ಕೆ ನಿಲ್ಲುವುದಿಲ್ಲ. ಎರಡೂ ಕಡೆ ಒತ್ತಡ ಸಮವಾಗಿ ಸುಮ್ಮನೆ ನಿಂತುಬಿಡುತ್ತದೆ. ವಾಲ್ವ್ ತೆರೆದರೆ ಮತ್ತೆ ಧಡಧಡ ಶುರು. ಹಾಗಾಗಿ ಆ ಪಂಪ್ ರೂಮಿನಲ್ಲಿ ಯಾರೂ ಪಂಪನ್ನು 'ಆಫ್' ಮಾಡುತ್ತಿರಲಿಲ್ಲ. ವಾಲ್ವ್ ಮುಚ್ಚುತ್ತಿದ್ದರು. ಅದಕ್ಕೆ ಅವರು ಇಟ್ಟುಕೊಂಡ ಮಾತು 'ಬಾಯಿ ಮುಚ್ಚಿಸು' ಎಂದು. ಮೇಲಿನ ಟ್ಯಾಂಕು ತುಂಬಿದ ಕೂಡಲೇ ಅಟ್ಟದ ಮೇಲಿದ್ದವರು ಕೂಗುತ್ತಿದ್ದರು, "ಪಂಪಕ್ಕಾ, ಬಾಯಿ ಮುಚ್ಚಿಸು!" ಅಕ್ಕ ಬಲಗೈ ಚಾಚಿ ಹಿಡಿಯನ್ನು ಅಡ್ಡಕ್ಕೆ ತಿರುಗಿಸುತ್ತಿದ್ದಳು. ಪಂಪು ಗಪ್‌ಚುಪ್. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ ಅದು. ಈಗ ಮಗಳಿಗೆ ಮದುವೆಯ ವಯಸ್ಸು. ಅಷ್ಟು ಕಾಲ ಆ ಕೂಗು, ಆ ಕೈ.

ಆಮೇಲೆ ಕರೆಂಟ್ ಪಂಪು ಬಂತು.

ಕರೆಂಟ್ ಪಂಪು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಮಾನ್ಯರೇ. ಅಕ್ಕನೇ ಹೇಳಲಿಲ್ಲ. ಕಂಪ್ರೆಸರ್ ತಿನ್ನುವ ವಿದ್ಯುತ್ತಿನಲ್ಲಿ ಸ್ವಲ್ಪವೇ ತಿಂದು ಅದೇ ಕೆಲಸ ಮಾಡುತ್ತದೆ. ಗದ್ದಲ ಕಡಿಮೆ. ಹೊಸದನ್ನು ಕಂಡು ಮೂತಿ ತಿರುಗಿಸುವ ಜಾತಿಯವಳಲ್ಲ ನನ್ನಕ್ಕ. ಬಂದ ದಿನವೇ ಅದರ ಮೈಮೇಲೆ ಅಂಗೈಯಿಟ್ಟು ನೋಡಿ, "ಬಿಸಿ ಜಾಸ್ತಿ ಇಲ್ಲ. ದನಿ ಹಗುರ. ಒಳ್ಳೆ ಮನೆತನದ್ದು" ಎಂದು ಮನೆಗೆ ಬಂದು ವರದಿ ಒಪ್ಪಿಸಿದಳು. ಗೇರ್‌ಬಾಕ್ಸಿನ ಗಾಜಿನಲ್ಲಿ ಎಣ್ಣೆಯ ಮಟ್ಟ ನೋಡುವುದು, ಮೊದಲ ದಿನ ಓಡಿದ ಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡುವುದು, ಒಳಗೆ ಬರುವ ದಾರಿಯ ಜಾಲರಿಯಲ್ಲಿ ಕಸ ಕೂರದಂತೆ ತೊಳೆಯುವುದು, ಪೊರೆಯ ಹಿಂದಿನ ಸಣ್ಣ ತೂತಿನಲ್ಲಿ ಹನಿ ಕಂಡರೆ ಪೊರೆ ಹರಿದಿದೆ ಎಂದು ತಿಳಿಯುವುದು, ಬಿಚ್ಚುವ ಮೊದಲು ಕರೆಂಟು ತೆಗೆದು ಒತ್ತಡ ಇಳಿಸಿ ನೀರು ಹಾಯಿಸಿ ತೊಳೆಯುವುದು, ಎಲ್ಲ ಕಲಿತಳು. ಮೊದಲ ವಾರದಲ್ಲಿ ಕಲಿತು ಎರಡನೇ ವಾರದಲ್ಲಿ ನಮಗೆ ಪಾಠ ಮಾಡಿದಳು. ನಾನು ತಟ್ಟೆ ಎತ್ತಿಕೊಂಡು ಮಹಡಿಗೆ ಓಡಿದೆ.

ಆದರೆ ಈ ಪಂಪಿಗೆ ಹಳೆಯದರ ಒಳ್ಳೆಯ ಗುಣವಿರಲಿಲ್ಲ. ಇದರ ಪೊರೆಯನ್ನು ತಳ್ಳುವುದು ಗಾಳಿಯಲ್ಲ, ಮೋಟಾರು. ಮುಂದಿನ ವಾಲ್ವ್ ಮುಚ್ಚಿದರೂ ಮೋಟಾರಿಗೇನು ಗೊತ್ತು? ತಳ್ಳುತ್ತಲೇ ಇರುತ್ತದೆ. ಒಳಗೆ ಒತ್ತಡ ಏರುತ್ತದೆ. ಏರಿ ಏರಿ ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ. ಪೊರೆಯೋ, ಪೈಪೋ, ಮನುಷ್ಯರೋ.

ಹೊಸ ಪಂಪು ಓಡಿಸುವುದನ್ನು ತೋರಿಸಿಕೊಡಲು ಕಂಪನಿಯಿಂದ ಟೈ ಕಟ್ಟಿಕೊಂಡ ಒಬ್ಬರು ಬಂದಿದ್ದರಂತೆ. ಚಹಾ ಆರುವುದರೊಳಗೆ ತರಬೇತಿ ಮುಗಿಯಿತು.

"ತುಂಬಾ ಸಿಂಪಲ್ ಮೇಡಂ. ಹಸಿರು ಒತ್ತಿದ್ರೆ ಓಡತ್ತೆ, ಕೆಂಪು ಒತ್ತಿದ್ರೆ ನಿಲ್ಲತ್ತೆ."

"ಮುಂದಿನ ವಾಲ್ವ್ ಮುಚ್ಚಿದ್ರೆ?"

"ಮುಚ್ಚಬಾರದು ಮೇಡಂ."

"ಅದು ಸರಿ. ಅಪ್ಪಿತಪ್ಪಿ ಮುಚ್ಚಿದ್ರೆ ಏನಾಗತ್ತೆ ಅಂತ?"

"ಮುಚ್ಚಲೇಬಾರದು ಮೇಡಂ. ಅದಕ್ಕೇ ರಿಲೀಫ್ ವಾಲ್ವ್ ಅಂತ ಒಂದು ಬರತ್ತೆ. ಒತ್ತಡ ಜಾಸ್ತಿಯಾದ್ರೆ ತಾನೇ ತೆರ್ಕೊಂಡು ಮಾಲನ್ನ ವಾಪಸ್ ಟ್ಯಾಂಕಿಗೆ ಬಿಡತ್ತೆ. ನಿಮ್ಮ ಆಫೀಸಿನೋರು ಅದನ್ನ ತಗೊಂಡಿಲ್ಲ."

"ಯಾಕೆ?"

"ಅದು ಬೇಕಾದೋರಿಗೆ ಮಾತ್ರ ಮೇಡಂ."

ಬೇಕಾದೋರಿಗೆ ಮಾತ್ರ! ನಮ್ಮ ಬಸ್ಸಿಗೆ ಬ್ರೇಕು ಬೇಕಾದೋರಿಗೆ ಮಾತ್ರ ಎಂದು ಯಾರಾದರೂ ಮಾರಿದರೆ, ಬ್ರೇಕಿಲ್ಲದೆ ಕೊಳ್ಳುವವನನ್ನು ನಾವು ಏನೆನ್ನುತ್ತೇವೆ? ತಾವು ಏನೆನ್ನುತ್ತೀರಿ? ತಮ್ಮ ವರದಿಯಲ್ಲಿ ಆ ಕೊಳ್ಳುವವರಿಗೆ ಯಾವ ಪದವೂ ಸಿಕ್ಕಿಲ್ಲ. ಅಜಾಗರೂಕತೆ ಒಂದೇ ಇದ್ದದ್ದು, ಅದನ್ನು ಅಕ್ಕನಿಗೆ ಕೊಟ್ಟು ಖರ್ಚಾಯಿತೇನೋ.

ಇನ್ನೂ ಒಂದಿದೆ. ಆ ಹಸಿರು ಗುಂಡಿ, ಕೆಂಪು ಗುಂಡಿ ಇರುವುದೆಲ್ಲಿ? ಪಂಪಿನ ಪಕ್ಕದಲ್ಲಲ್ಲ. ಗೋಡೆಯಾಚೆ, ಓಣಿಯಲ್ಲಿ. ಸ್ವಿಚ್ಚಿನ ಪೆಟ್ಟಿಗೆಗೆ ದ್ರಾವಣ ಸಿಡಿದರೆ ಹಾಳಾಗುತ್ತದೆ ಎಂದು ಅದನ್ನು ಹೊರಗಿಟ್ಟರು. ಪೆಟ್ಟಿಗೆಗೆ ಸಿಡಿಯಬಾರದು. ಸರಿಯಾದ ಯೋಚನೆ. ಸಿಡಿಯುವ ಜಾಗದಲ್ಲಿ ಇನ್ಯಾರು ನಿಂತಿರುತ್ತಾರೆ ಎಂಬ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಹಾಗಾಗಿ ಪಂಪು ನಿಲ್ಲಿಸಬೇಕೆಂದರೆ ಅಕ್ಕ ಪಂಪ್ ರೂಮಿನ ಬಾಗಿಲು ತಳ್ಳಿ, ಮೂಲೆ ಸುತ್ತಿ, ಓಣಿಗೆ ಹೋಗಿ ಕೆಂಪು ಒತ್ತಬೇಕು. ವಾಲ್ವ್ ಮಾತ್ರ ಹಳೆಯ ಜಾಗದಲ್ಲೇ, ಹಳೆಯ ಹಿಡಿಯಲ್ಲೇ, ಅವಳ ಬಲಗೈಗೆ ಎಟುಕುವಲ್ಲೇ ಇತ್ತು.

ಅವಳು ಕೇಳಲಿಲ್ಲವೇ? ಕೇಳಿದಳು. ಮೇಸ್ತ್ರಿಯನ್ನು ಕಂಡಾಗಲೆಲ್ಲ ಕೇಳಿದಳು. "ಇಲ್ಲೇ ಒಂದು ಕೆಂಪು ಗುಂಡಿ ಹಾಕಿಸ್ಕೊಡಿ ಸಾರ್." "ಮೇಲೆ ಹೇಳಿದ್ದೀನಮ್ಮಾ." "ಎಷ್ಟು ಮೇಲೆ ಸಾರ್? ದೇವರಿಗಾ? ಅವನಾದ್ರೆ ಇಷ್ಟು ಹೊತ್ತಿಗೆ ಕೇಳಿಸ್ಕೊಂಡಿರೋನು." ಮೇಸ್ತ್ರಿ ನಕ್ಕರಂತೆ. ಎಲ್ಲರೂ ನಕ್ಕರಂತೆ. ಮನೆಗೆ ಬಂದು ಹೇಳಿದಾಗ ನಾವೂ ನಕ್ಕೆವು.

ಇಷ್ಟಾದರೂ ಅವಳು ಓಣಿಗೆ ಹೋಗಿಯೇ ಬರುತ್ತಿದ್ದಳು. ದಿನವೂ. ಅಟ್ಟದ ಮೇಲೆ ನಿಲ್ಲುವವನು ಎತ್ತರದ ಆಳು, ಎಲ್ಲರೂ ಅವನನ್ನು ಏಣಿ ಎಂದೇ ಕರೆಯುವುದು. ಅವನಿಗೆ ಹೇಳಿಟ್ಟಿದ್ದಳು: "ಏಣಿ, ಇನ್ಮೇಲೆ ತುಂಬೋದಕ್ಕೆ ಮುಂಚೇನೇ ಕೂಗು. ನಾನು ಊರು ಸುತ್ತಿ ಬರ್ಬೇಕು." ಅವನೂ ಹಾಗೇ ಕೂಗುತ್ತಿದ್ದ. ಅವಳು ಹಾಗೇ ಸುತ್ತುತ್ತಿದ್ದಳು. ಜಾಗರೂಕತೆ ಎಂದರೆ ಇನ್ನೇನು ಎಂದು ತಾವು ನನಗೆ ತಿಳಿಸಬೇಕು. ಒಂದು ಗುಂಡಿ ಹಾಕಿಕೊಡದ ಕಚೇರಿಗಾಗಿ ದಿನವೂ ಓಣಿ ಸುತ್ತಿದ್ದು ಜಾಗರೂಕತೆಯಲ್ಲವೇ? ಅದು ಯಾರ ಲೆಕ್ಕದಲ್ಲೂ ಬರಲಿಲ್ಲ. ಸುತ್ತದ ಒಂದು ದಿನ ಮಾತ್ರ ಬಂತು.

ಆ ದಿನ ಬೆಳಿಗ್ಗೆ ಕೊಳೆ ನೀರು ಬಹಳ ಹುಳಿಯಾಗಿ ಬಂದಿತ್ತು. ದ್ರಾವಣ ಬೇಗ ಬೇಗ ಬೇಕಿತ್ತು. ಮೇಲಿನ ಟ್ಯಾಂಕಿನ ಮಟ್ಟ ತೋರಿಸುವ ತೇಲುಗುಂಡು ಸಿಕ್ಕಿಕೊಂಡು ಅರ್ಧ ಎಂದು ತೋರಿಸುತ್ತಿತ್ತು. ಏಣಿ ಅದನ್ನು ನಂಬಿ ಟ್ಯಾಂಕಿನ ಕೆಳಗಡೆ ಬಗ್ಗಿ ಒಂದು ನಟ್ಟು ಬಿಗಿಯುತ್ತಿದ್ದ. ಗಾಳಿ ಪಂಪಾಗಿದ್ದರೆ ಮೇಲೇರಿಸುತ್ತಾ ಏದುಸಿರು ಬಿಡುತ್ತಿತ್ತು, ನಿಧಾನವಾಗುತ್ತಿತ್ತು. ಹೊಸದಕ್ಕೆ ದಣಿವೇ ಇಲ್ಲ. ಏಣಿ ತಲೆಯೆತ್ತಿದಾಗ ದ್ರಾವಣ ಅಂಚಿಗೆ ಬಂದು ನಿಂತಿತ್ತು. ಅವನ ನೆತ್ತಿಯ ಮೇಲೆಯೇ.

"ಉಕ್ತಾ ಇದೆ! ಬಾಯಿ ಮುಚ್ಚಿಸಕ್ಕಾ, ಬಾಯಿ ಮುಚ್ಚಿಸು!"

ಮಾನ್ಯರೇ, ಆ ಕ್ಷಣ ತಾವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಬಾಗಿಲು ತಳ್ಳಿ, ಮೂಲೆ ಸುತ್ತಿ, ಓಣಿಗೆ ಹೋಗುತ್ತಿದ್ದಿರೋ? ಅಷ್ಟರಲ್ಲಿ ಅಟ್ಟದ ಮೇಲೆ ಒಬ್ಬ ಮನುಷ್ಯ ಬೇಯುತ್ತಿದ್ದ. ಅಕ್ಕ ಯೋಚಿಸಲಿಲ್ಲ. ಯೋಚಿಸಿ ಅವನನ್ನು ಉಳಿಸಿದಳು ಎಂದು ನಾನು ಕಥೆ ಕಟ್ಟುವುದಿಲ್ಲ, ಅವಳೇ ಕಟ್ಟಲು ಬಿಡುವುದಿಲ್ಲ. ಕೂಗು ಕೇಳಿತು, ಕೈ ಹೋಯಿತು, ಹಿಡಿ ಅಡ್ಡಕ್ಕೆ ತಿರುಗಿತು. ಅಷ್ಟೆ. ಮೇಲೆ ದ್ರಾವಣ ನಿಂತಿತು. ಏಣಿಯ ಮೈಮೇಲೆ ಒಂದು ಹನಿ ಬೀಳಲಿಲ್ಲ. ಕೆಳಗೆ ಪಂಪು ನಿಲ್ಲಲಿಲ್ಲ. ಅಯ್ಯೋ ಎಂದು ಅವಳಿಗೆ ಗೊತ್ತಾಗಿ ಹಿಡಿಯನ್ನು ಮತ್ತೆ ತೆರೆಯಲು ಬಗ್ಗಿದಳು. ಆಗ ಪಂಪಿನಿಂದ ವಾಲ್ವಿಗೆ ಹೋಗುವ ರಬ್ಬರ್ ಪೈಪು, ಬಿಗಿದಿದ್ದ ಪಟ್ಟಿಯಿಂದ ಕಿತ್ತುಕೊಂಡಿತು. ದ್ರಾವಣ ಚಿಮ್ಮಿದ್ದು ಅವಳ ಮುಖದ ನೇರಕ್ಕೆ.

ಕನ್ನಡಕದ ಮಾತು. ತಮ್ಮ ವರದಿಯಲ್ಲಿ ಅದಕ್ಕೊಂದು ಇಡೀ ಪ್ಯಾರಾ ಇದೆ. ಹೌದು, ರಕ್ಷಣೆಯ ಕನ್ನಡಕ ಹಣೆಯ ಮೇಲಿತ್ತು. ಬೆವರಿಗೆ ಮಂಜು ಕಟ್ಟಿ ಏನೂ ಕಾಣದೆ ಮೇಲೆ ಸರಿಸಿದ್ದಳು. ಸರಿಸಬಾರದಿತ್ತು. ಒಪ್ಪಿದೆ. ಏಣಿ ಹಾರಿಕೊಂಡು ಇಳಿದು ಬಂದು ಅವಳ ತಲೆಯನ್ನು ನೀರಿನ ಧಾರೆಗೆ ಹಿಡಿದ. ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬಂತು. ಇಲ್ಲದ್ದನ್ನು ಹೇಳಲಾರೆ, ಬಂತು. ಬಹಳ ಹೊತ್ತು ತೊಳೆದ. ಆದರೆ ಕಾಸ್ಟಿಕ್ ಒಳಗೆ ಇಳಿದರೆ ಸುಡುತ್ತಲೇ ಹೋಗುತ್ತದಂತೆ, ಡಾಕ್ಟರ್ ಹೇಳಿದರು. ಎಡಗಣ್ಣು ಮೊದಲು ಹೋಯಿತು. ಬಲಗಣ್ಣಿನಲ್ಲಿ ಕೆಲವು ವಾರ ಬೆಳಕು ಕಾಣುತ್ತಿತ್ತು. ಕಿಟಕಿ ಎಲ್ಲಿದೆ ಎಂದು ತೋರಿಸುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು, "ಇವತ್ತು ಮೋಡಾನಾ?" ಎಂದು ಕೇಳಿದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮಗಳು, "ಹೂಂ ಅಮ್ಮ, ಮೋಡ" ಎಂದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಆ ದಿನ ಯಾರಿಗೆ ಯಾವ ಟಿಕೆಟ್ ಕೊಟ್ಟೆನೋ.

ಈಗ ತಮ್ಮ ವಿಚಾರಣೆಗೆ ಬರೋಣ. ಅಕ್ಕನ ಕೈ ಹಿಡಿದು ಕರೆತಂದವನು ನಾನೇ. ತಾವು ಮರೆತಿರಬಹುದು, ಬಾಗಿಲ ಹತ್ತಿರ ನಿಂತಿದ್ದ, ಖಾಕಿ ಅಂಗಿಯವನು. ತಾವು ಒರಟಾಗಿ ನಡೆದುಕೊಳ್ಳಲಿಲ್ಲ. ಕುರ್ಚಿ ಎಳೆಸಿ ಕೂರಿಸಿದಿರಿ, ನೀರು ಬೇಕೇ ಎಂದು ಕೇಳಿದಿರಿ. ಅಕ್ಕನಿಗೆ ಅದೇ ಹಿಗ್ಗು. "ಎಷ್ಟು ಮರ್ಯಾದೆಯಿಂದ ಮಾತಾಡ್ಸಿದ್ರು ನೋಡೋ" ಎಂದು ಮನೆಯವರೆಗೂ ಹೇಳಿದಳು. ತಾವು ಕೇಳಿದ ಮುಖ್ಯ ಪ್ರಶ್ನೆ ಒಂದೇ.

"ಹೊಸ ಪಂಪಿನ ಮುಂದಿನ ವಾಲ್ವ್ ಮುಚ್ಚಬಾರದು ಅಂತ ನಿಮಗೆ ಗೊತ್ತಿತ್ತೇನಮ್ಮಾ?"

"ಗೊತ್ತಿತ್ತು ಸಾರ್."

ಪೆನ್ನು ಕಾಗದದ ಮೇಲೆ ಓಡುವ ಸದ್ದು ನನಗೆ ಕೇಳಿತು. ಅಕ್ಕನಿಗಂತೂ ಕೇಳಿರಲೇಬೇಕು. ಮುಗಿಯಿತು.

ಅವಳು 'ಗೊತ್ತಿರಲಿಲ್ಲ' ಎಂದಿದ್ದರೆ ತಾವು ಏನು ಬರೆಯುತ್ತಿದ್ದಿರಿ? ತರಬೇತಿಯ ಕೊರತೆ ಎಂದು. ಆಗ ಕಚೇರಿಗೆ ಸ್ವಲ್ಪ ಬಿಸಿ ತಟ್ಟುತ್ತಿತ್ತು. ಹೊರಗೆ ಬಂದ ಮೇಲೆ ಏಣಿ ಅದನ್ನೇ ಹೇಳಿದ, "ಗೊತ್ತಿರ್ಲಿಲ್ಲ ಅಂದುಬಿಡ್ಬಾರ್ದಿತ್ತಾ ಅಕ್ಕ? ಯಾರು ಕೇಳೋರಿದ್ರು?" ಅಕ್ಕ ತಿರುಗಿ ಬಿದ್ದಳು: "ಇಡೀ ಪಂಪ್ ರೂಮಿಗೆ ಪಾಠ ಮಾಡಿದೋಳು ನಾನು. ಗೊತ್ತಿರ್ಲಿಲ್ಲ ಅಂತ ಹೇಳೋಕೆ ನಾಚ್ಕೆ ಬೇಡ್ವಾ?" ನಿಜ ಹೇಳಿದವಳಿಗೆ ಶಿಕ್ಷೆ, ಸುಳ್ಳು ಹೇಳಿದ್ದರೆ ವಿನಾಯಿತಿ. ಇದು ಯಾವ ಸೀಮೆಯ ನ್ಯಾಯ? ಗೊತ್ತಿತ್ತೇ ಎಂದು ಕೇಳಿದಿರಿ. ಗುಂಡಿ ಎಲ್ಲಿತ್ತಮ್ಮಾ ಎಂದು ಯಾಕೆ ಕೇಳಲಿಲ್ಲ? ರಿಲೀಫ್ ವಾಲ್ವ್ ಬೇಡವೆಂದವರು ಯಾರು ಎಂದು ಯಾಕೆ ಕೇಳಲಿಲ್ಲ? ಆ ಟೈ ಕಟ್ಟಿದವರನ್ನು ಯಾಕೆ ಕರೆಸಲಿಲ್ಲ? ಏಣಿಯನ್ನು ತಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಕರೆಯದೆಯೇ ಯಾಕೆ ಕಳಿಸಿದಿರಿ?

ತಲೆಗೆ ಗೊತ್ತಿರುವುದು ಬೇರೆ, ಕೈಗೆ ಗೊತ್ತಿರುವುದು ಬೇರೆ ಎಂಬುದು ತಮಗೂ ಗೊತ್ತಿರುವ ವಿಷಯ. ತಮ್ಮ ಮನೆಯಲ್ಲಿ ಕರೆಂಟು ಹೋದಾಗಲೂ ತಾವು ಕೋಣೆಗೆ ಹೋದ ಕೂಡಲೇ ಸ್ವಿಚ್ಚು ಒತ್ತುವುದಿಲ್ಲವೇ? ಕರೆಂಟಿಲ್ಲ ಎಂದು ಗೊತ್ತಿದ್ದೂ? ನಾನು ರಜೆಯ ದಿನ ಬೇರೆಯವರ ಬಸ್ಸಿನಲ್ಲಿ ಕೂತಿದ್ದರೂ ಸ್ಟಾಪು ಬಂದರೆ ನನ್ನ ಬಾಯಲ್ಲಿ 'ರೈಟ್' ಬಂದುಬಿಡುತ್ತದೆ. ಅಷ್ಟು ವರ್ಷ ಒಂದೇ ಕೂಗಿಗೆ ಒಂದೇ ಕಡೆ ಚಾಚಿದ ಕೈ ಅದು. ಆ ಕೈಯನ್ನು ಹಾಗೆ ಪಳಗಿಸಿದ್ದು ಆ ಕಚೇರಿಯ ಕೆಲಸವೇ. ಆ ಕೈಗೆ ಒಳ್ಳೆಯ ಕೆಲಸಗಾರ್ತಿ ಎಂದು ಶಾಲು ಹೊದಿಸಿದ್ದೂ ಅದೇ ಕಚೇರಿ. ಪಂಪು ಬದಲಾಯಿಸಿದರು. ಕೈ ಬದಲಾಯಿಸಲಿಲ್ಲ. ಬದಲಾಯಿಸಲಾಗದ ಕೈಗೆ ಒಂದು ಗುಂಡಿಯನ್ನಾದರೂ ಎಟುಕಿಸಬೇಕಿತ್ತು.

ಅಪಘಾತವಾದ ಮೇಲೆ ಪಂಪ್ ರೂಮಿನಲ್ಲಿ ಒಂದು ಸುಧಾರಣೆಯಾಗಿದೆಯಂತೆ. ವಾಲ್ವಿನ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ಬೋರ್ಡು: 'ಮುಚ್ಚಬೇಡಿ'. ಅಕ್ಕನಿಗೆ ಓದುವ ಕಣ್ಣಿದ್ದಷ್ಟು ದಿನ ಬೋರ್ಡು ಇರಲಿಲ್ಲ. ಕಣ್ಣು ಹೋದ ಮೇಲೆ ಬೋರ್ಡು ಬಂತು. ಗುಂಡಿ ಇನ್ನೂ ಓಣಿಯಲ್ಲೇ ಇದೆ. ಅಕ್ಕನ ಜಾಗದಲ್ಲಿ ಈಗ ನಿಂತಿರುವವನು ಏಣಿ. ಅವನ ಕೈಯೂ ಗಾಳಿ ಪಂಪಿನ ಕಾಲದ್ದೇ.

ಅವನು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಬಂದವನು ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗುತ್ತಾನೆ, ಬಗ್ಗಿದ ತಲೆಯನ್ನು ಮತ್ತೆ ಎತ್ತುವುದಿಲ್ಲ. ಒಂದು ದಿನ, "ಅಕ್ಕ, ನಾನು ಕೂಗದೇ ಇದ್ದಿದ್ರೆ..." ಎಂದು ಶುರು ಮಾಡಿದ.

"ಕೂಗ್ದೆ ಇನ್ನೇನ್ ಮಾಡ್ತಿದ್ದೆ? ಮೈಗೆ ಸುರ್ಕೊಂಡು ಸ್ನಾನ ಮಾಡ್ತಿದ್ಯಾ?"

"ಬಾಯಿ ಮುಚ್ಚಿಸು ಅಂತ ಅನ್ಬಾರ್ದಿತ್ತು. ಆಫ್ ಮಾಡು ಅನ್ಬೇಕಿತ್ತು."

"ಸುಮ್ನಿರೋ ಏಣಿ. ನೀನು ಕೂಗಿದ್ದು. ಮುಚ್ಚಿದ್ದು ನನ್ ಕೈ ತಾನೇ? ಪೊರೆ ಹೇಗಿದೆ, ತೂತಲ್ಲಿ ಹನಿ ಗಿನಿ ಕಾಣ್ತಿದ್ಯಾ, ಅದನ್ ಹೇಳು."

ಅವನು ಪಂಪಿನ ಕ್ಷೇಮ ಸಮಾಚಾರ ಹೇಳುತ್ತಾನೆ. ಅವಳು ಕೇಳಿ ತಲೆಯಾಡಿಸುತ್ತಾಳೆ. ಆ ಪಂಪಿನ ಮೇಲೆ ಅವಳಿಗೆ ಸಿಟ್ಟಿಲ್ಲ. ತಮ್ಮ ಮೇಲೂ ಇಲ್ಲ.

ನನ್ನ ಎದೆ ಒಡೆದದ್ದು ಯಾವಾಗ ಎಂದು ಈಗ ಹೇಳುತ್ತೇನೆ. ಕಣ್ಣು ಹೋದ ದಿನ ಅಲ್ಲ. ಮೊನ್ನೆ ಮಧ್ಯಾಹ್ನ ಪಾಳಿ ಬೇಗ ಮುಗಿದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ. ನಲ್ಲಿಯಿಂದ ನೀರು ಸುರಿಯುತ್ತಿದೆ. ಅವಳು ನಲ್ಲಿಯ ಕಡೆ ಬಲಗೈ ಚಾಚುತ್ತಾಳೆ, ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಗೋಡೆ ತಡವಿಕೊಂಡು ಬಾಗಿಲಿಗೆ ಹೋಗುತ್ತಾಳೆ, ಹಜಾರದ ದೀಪದ ಸ್ವಿಚ್ಚು ಒತ್ತುತ್ತಾಳೆ. ಮತ್ತೆ ಬರುತ್ತಾಳೆ. ಮತ್ತೆ ಕೈ ಚಾಚುತ್ತಾಳೆ. ಹಜಾರದಲ್ಲಿ ದೀಪ ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ. ನಾನು ಬಂದದ್ದು ಅವಳಿಗೆ ಕೇಳಿಸಿರಲಿಲ್ಲ, ನೀರಿನ ಸದ್ದಿಗೆ.

"ಏನಕ್ಕಾ ಮಾಡ್ತಿದ್ದೀಯಾ?"

ಬೆಚ್ಚಿದಳು. ಕಳ್ಳತನದಲ್ಲಿ ಸಿಕ್ಕವಳ ಹಾಗೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನಿಲ್ಲ ಕಣೋ. ಕೈಗೆ ಕಲಿಸ್ತಿದ್ದೆ."

"ಇನ್ಯಾಕಕ್ಕಾ?"

"ಒಂದಿನಾನೂ ಮಾತು ಕೇಳಲ್ಲ ನೋಡು ಇದು. ಎಷ್ಟು ಸಲ ಮಾಡಿದ್ರೂ ಮೊದ್ಲು ನಲ್ಲಿಗೇ ಹೋಗತ್ತೆ. ಸಾಹೇಬ್ರು ಸರಿಯಾಗೇ ಬರ್ದಿದ್ದಾರೆ. ಅಜಾಗರೂಕತೇನೇ."

"ಅಕ್ಕಾ, ಅವ್ರು ಬರೆದಿದ್ದು ತಪ್ಪು."

"ನೀನು ನನ್ ತಮ್ಮ. ಹಾಗೇ ಹೇಳ್ತೀಯ."

"ಏಣಿನೂ ಅದೇ ಹೇಳ್ತಾನಲ್ಲ."

"ಅವ್ನಿಗೆ ನನ್ ಮೇಲೆ ಋಣ. ಅವ್ನೂ ಹಾಗೇ ಹೇಳ್ತಾನೆ. ಓದಿದೋರು, ನಾಲ್ಕು ಕಡೆ ನೋಡ್ದೋರು, ಅವ್ರಿಗೆ ನನ್ ಮೇಲೆ ಏನ್ ಹಗೆ? ಸುಮ್ಸುಮ್ನೆ ಬರೀತಾರಾ? ನೀರು ಬೇಕಾ ಅಂತ ಕೇಳಿದ್ರು ಕಣೋ ನನ್ನ."

ನಾನು ನಲ್ಲಿ ನಿಲ್ಲಿಸಿದೆ.

ಅಧಿಕಾರಿಗಳೇ, ತಾವು ಆ ಪದ ಬರೆದಾಗ ಅದು ಒಂದು ಕಡತಕ್ಕೆ ಸೇರಿತು ಎಂದುಕೊಂಡಿದ್ದೀರಿ. ಅಲ್ಲ. ಅದು ನಮ್ಮ ಅಡುಗೆಮನೆಗೆ ಬಂದು ಕೂತಿದೆ. ಕಣ್ಣಿಲ್ಲದ ಹೆಂಗಸೊಬ್ಬಳು ಇನ್ನೆಂದೂ ಮುಟ್ಟದ ಪಂಪಿಗಾಗಿ ತನ್ನ ಕೈಗೆ ದಿನವೂ ಪಾಠ ಹೇಳುತ್ತಿದ್ದಾಳೆ. ಕುರುಡುತನವನ್ನು ಅವಳು ತಾಳಿಕೊಂಡಳು. ಮಗಳು ಬಾಚಿಕೊಡುವ ತಲೆಗೆ, ನಾನು ಬೆರೆಸುವ ಸಕ್ಕರೆ ಜಾಸ್ತಿಯಾದ ಚಹಾಕ್ಕೆ ಹೊಂದಿಕೊಂಡಳು. ತಾನು ಕೆಟ್ಟ ಕೆಲಸಗಾರ್ತಿ ಎಂಬುದನ್ನು ತಾಳಿಕೊಳ್ಳಲು ಮಾತ್ರ ಅವಳಿಂದ ಆಗುತ್ತಿಲ್ಲ. ಒಳ್ಳೆಯ ಕೆಲಸಗಾರ್ತಿ ಎಂಬ ಒಂದು ಹೆಸರನ್ನು ಸಂಪಾದಿಸುವುದಕ್ಕೇ ಅವಳು ಇಷ್ಟು ವರ್ಷ ಬದುಕಿದ್ದಳು.

ನನ್ನ ಬೇಡಿಕೆ ಹೇಳಿ ಮುಗಿಸುತ್ತೇನೆ, ಡ್ರೈವರ್ ಹಾರ್ನ್ ಹಾಕುತ್ತಿದ್ದಾನೆ. ಆ ಪಂಪಿಗೆ ರಿಲೀಫ್ ವಾಲ್ವ್ ಹಾಕಿಸಿ. ಕೆಂಪು ಗುಂಡಿಯನ್ನು ವಾಲ್ವಿನ ಪಕ್ಕಕ್ಕೆ ತನ್ನಿ, ಏಣಿಯ ಕೈಗೆ ಎಟುಕುವ ಕಡೆ. ಇದನ್ನು ನಾಳೆಯೇ ಮಾಡಿ, ಏಕೆಂದರೆ ಪಂಪು ಇವತ್ತೂ ಓಡುತ್ತಿದೆ. ವರದಿಯ ಪದವನ್ನು ಹೊಡೆದುಹಾಕಿ. ಹೊಡೆದುಹಾಕಿದ ಕಾಗದವನ್ನು ನಮಗೆ ಅಂಚೆಯಲ್ಲಿ ಕಳಿಸಬೇಡಿ. ಓದಿ ಹೇಳುವವನು ನಾನು, ನನ್ನ ಓದನ್ನು ಅವಳು ನಂಬುವುದಿಲ್ಲ. ತಾವೇ ಬನ್ನಿ. ಒಂದೇ ಒಂದು ಸಲ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದು, ತಮ್ಮ ಬಾಯಿಂದಲೇ, 'ಅಮ್ಮಾ, ಅದು ನಿಮ್ಮ ತಪ್ಪಲ್ಲ' ಎಂದು ಹೇಳಿ. ತಮ್ಮ ದನಿಯ ಗುರುತು ಅವಳಿಗಿದೆ.

ಮೊದಲು ಅವಳು ಒಪ್ಪುವುದಿಲ್ಲ. "ಇಲ್ಲ ಸಾರ್, ನಂಗೆ ಗೊತ್ತಿತ್ತು" ಎನ್ನುತ್ತಾಳೆ, ತಮ್ಮ ಜೊತೆಯೇ ವಾದಕ್ಕೆ ನಿಲ್ಲುತ್ತಾಳೆ. ದಯವಿಟ್ಟು ಹೊರಟುಬಿಡಬೇಡಿ. ಇನ್ನೊಮ್ಮೆ ಹೇಳಿ. ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ನಾನು ಎಷ್ಟು ಹೇಳಿದರೂ ನಂಬದ ಅಕ್ಕ, ಒಂದೇ ಒಂದು ಸಲ ನೀರು ಬೇಕೇ ಎಂದು ಕೇಳಿದ ತಮ್ಮನ್ನು ನಂಬಿಬಿಟ್ಟಿದ್ದಾಳೆ. ನಿಮ್ಮಷ್ಟು ದೊಡ್ಡವರು ಹೇಳಿದರೆ ನಂಬುತ್ತಾಳೆ. ಆ ಕೈ ಅವತ್ತಾದರೂ ಮಡಿಲಲ್ಲಿ ಸುಮ್ಮನೆ ಕೂರಲಿ.

ಇಂತಿ,
ಊರಿಗೆಲ್ಲ ಮಾತು ಹೇಳಿ, ಮನೆಯಲ್ಲಿ ಒಬ್ಬಳನ್ನು ನಂಬಿಸಲಾಗದ
ಪಂಪಕ್ಕನ ತಮ್ಮ